ಮೂಳೆಗಳ ಮೆರವಣಿಗೆ: ಹಳೆಯ ಯುದ್ಧ ಹೊಸ ಪೋಸ್ಟರ್ ಆಗುವ ಬಗೆ

1389ರಲ್ಲಿ ಸತ್ತ ಅರಸನೊಬ್ಬನ ಮೂಳೆಗಳು 1988ರಲ್ಲಿ ಊರೂರು ಸುತ್ತಲು ಹೊರಟವು. ಅರಸನ ಹೆಸರು ಲಾಜರ್, ಸೆರ್ಬಿಯಾದವನು. ಕೊಸೊವೊ ಬಯಲಿನಲ್ಲಿ ಒಟ್ಟೊಮನ್ ಸುಲ್ತಾನ ಒಂದನೇ ಮುರಾದನ ಸೇನೆಯೊಂದಿಗೆ ಕಾದಾಡಿ ಸತ್ತವನು. ಆ ಕಾಳಗಕ್ಕೆ 600 ವರ್ಷ ತುಂಬುವ ಸಡಗರದಲ್ಲಿ ಅವನ ಅಸ್ಥಿಯ ಪೆಟ್ಟಿಗೆಯನ್ನು ಮಠದಿಂದ ಮಠಕ್ಕೆ ಒಯ್ದರು. ನಮ್ಮ ಕಡೆ ಉತ್ಸವಮೂರ್ತಿ ಬೀದಿಗೆ ಬಂದಾಗ ಮನೆಮಂದಿಯೆಲ್ಲ ಬಾಗಿಲಿಗೆ ಬಂದು ನಿಲ್ಲುವಂತೆ ಅಲ್ಲಿಯ ಜನವೂ ಸಾಲುಗಟ್ಟಿ ನಿಂತರು, ಕೈಮುಗಿದರು, ಅತ್ತರು. ಸತ್ತು ಆರು ಶತಮಾನ ಕಳೆದವನಿಗಾಗಿ, ನಿನ್ನೆ ರಾತ್ರಿ ತೀರಿಕೊಂಡವನಿಗೆ ಅಳುವ ಹಾಗೆ ಅತ್ತರು.

ಆ ಸಡಗರ ತುದಿ ಮುಟ್ಟಿದ್ದು 1989ರ ಜೂನ್ 28ರಂದು, ಗಾಜಿಮೆಸ್ತಾನ್ ಸ್ಮಾರಕದ ಬಯಲಿನಲ್ಲಿ. ಲಕ್ಷಾಂತರ ಜನ ಸೇರಿದ್ದರು. ಆಗ ಯುಗೊಸ್ಲಾವಿಯಾದ ಭಾಗವಾಗಿದ್ದ ಸೆರ್ಬಿಯಾದ ನಾಯಕ ಸ್ಲೊಬೊಡಾನ್ ಮಿಲೊಸೆವಿಚ್ ಹೆಲಿಕಾಪ್ಟರಿನಲ್ಲಿ ಬಂದಿಳಿದ. ಅಂದಿನ ಭಾಷಣವನ್ನು ಇವತ್ತು ಕಾಗದದ ಮೇಲೆ ಓದಿದರೆ ಅದಕ್ಕೆ ಬಂದಿರುವ ಕುಖ್ಯಾತಿಯಷ್ಟು ಕಾವು ಅದರಲ್ಲಿ ಕಾಣುವುದಿಲ್ಲ. ಒಗ್ಗಟ್ಟು, ಏಳಿಗೆ ಎಂಬ ಮಾತುಗಳೇ ಹೆಚ್ಚು. ನಡುವೆ ಒಂದು ಕಡೆ, ನಾವು ಮತ್ತೆ ಕದನಗಳ ಎದುರು ನಿಂತಿದ್ದೇವೆ, ಇವು ಆಯುಧ ಹಿಡಿದ ಕದನಗಳಲ್ಲ, ಆದರೂ ಅಂಥವನ್ನು ತಳ್ಳಿಹಾಕುವಂತಿಲ್ಲ ಎಂಬ ಅರ್ಥದ ಸಾಲು ಬರುತ್ತದೆ. ಅಷ್ಟೇ. ಕೆಲಸ ಮಾಡಿದ್ದು ಮಾತಿಗಿಂತ ದೃಶ್ಯ: ಹಿಂದೆ 1389ರ ಸ್ಮಾರಕ, ಮುಂದೆ 1989ರ ನಾಯಕ, ಜನರ ಕೈಯಲ್ಲಿ ಲಾಜರನ ಚಿತ್ರ ಒಂದು, ಮಿಲೊಸೆವಿಚ್ ಚಿತ್ರ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಹಿಡಿದರೆ ಸಾಕು, ನಡುವಿನ 600 ವರ್ಷ ಮಾಯ.

ಉಗ್ರವಾದಿ ಪ್ರಚಾರದ ಚಿತ್ರಗಳ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ರಕ್ತ, ಬಂದೂಕು, ಕಪ್ಪು ಬಾವುಟಗಳನ್ನೇ ನೆನೆಯುತ್ತೇವೆ. ಅವು ಹೆದರಿಸಲು ಮಾಡಿದ ಚಿತ್ರಗಳು. ಜನರನ್ನು ಸೇರಿಸಿಕೊಳ್ಳಲು ಮಾಡಿದ ಚಿತ್ರಗಳ ಬಗೆಯೇ ಬೇರೆ. ಅವುಗಳಲ್ಲಿ ಎರಡು ಕೈಚಳಕಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ನಡುವಿನ ವರ್ಷಗಳನ್ನು ಕತ್ತರಿಸುವುದು. ಎರಡನೆಯದು ವಿಳಾಸ ಬದಲಿಸುವುದು. ಹಳೆಯ ನೋವು ಬಹಳ ಸಲ ನಿಜವೇ ಆಗಿರುತ್ತದೆ, ಸಾಲ ಸುಳ್ಳಲ್ಲ. ವಸೂಲಿಗೆ ಹೋಗಿ ನಿಂತ ಮನೆ ಮಾತ್ರ ಬೇರೆಯವರದು.

ಯುಗೊಸ್ಲಾವಿಯಾ ಒಡೆದು ಯುದ್ಧಕ್ಕೆ ಬಿದ್ದಾಗ ಬೋಸ್ನಿಯಾದಲ್ಲಿ ಇದು ನಡೆದದ್ದು ಕ್ಯಾಮೆರಾ ಮುಂದೆಯೇ. 1995ರ ಜುಲೈ 11ರಂದು ಬೋಸ್ನಿಯಾದ ಸೆರ್ಬ್ ಸೇನಾಧಿಕಾರಿ ರಾಟ್ಕೊ ಮ್ಲಾದಿಚ್ ಸ್ರೆಬ್ರೆನಿಟ್ಸಾ ಪಟ್ಟಣದ ಬೀದಿಯಲ್ಲಿ ನಿಂತು ಹೇಳಿದ: ಈ ಊರನ್ನು ಸೆರ್ಬ್ ಜನತೆಗೆ ಕಾಣಿಕೆಯಾಗಿ ಕೊಡುತ್ತಿದ್ದೇವೆ, ದಾಹಿಗಳ ವಿರುದ್ಧದ ದಂಗೆಯ ನಂತರ ಕೊನೆಗೂ ಈ ನೆಲದಲ್ಲಿ ತುರ್ಕರ ಮೇಲೆ ಸೇಡು ತೀರಿಸಿಕೊಳ್ಳುವ ಗಳಿಗೆ ಬಂದಿದೆ. ಅವನು ಹೇಳಿದ ದಂಗೆ 1804ರದ್ದು. ಊರಿನಲ್ಲಿ ಅಂದು ಒಬ್ಬ ತುರ್ಕನೂ ಇರಲಿಲ್ಲ. ಇದ್ದವರು ಬೋಸ್ನಿಯಾದ ಮುಸ್ಲಿಮರು. ಮ್ಲಾದಿಚ್ ಆಡುತ್ತಿದ್ದ ಭಾಷೆಯನ್ನೇ ಆಡುವವರು, ಅದೇ ಸ್ಲಾವ್ ಮೂಲದವರು, ಅವನ ಹಾಗೆಯೇ ಯುಗೊಸ್ಲಾವಿಯಾದ ಶಾಲೆಗಳಲ್ಲಿ ಕಲಿತವರು. 'ತುರ್ಕ' ಎಂಬ ಒಂದೇ ಪದ ಅವರನ್ನೆಲ್ಲ 1804ಕ್ಕೆ ತಳ್ಳಿಬಿಟ್ಟಿತು. ಮುಂದಿನ ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರು, ಹುಡುಗರು ಕೊಲೆಯಾದರು. ಅದು ಜನಾಂಗಹತ್ಯೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2007ರಲ್ಲಿ ಹೇಳಿತು. ಮ್ಲಾದಿಚ್‌ಗೆ 2017ರಲ್ಲಿ ಜೀವಾವಧಿ ಶಿಕ್ಷೆಯಾಯಿತು, 2021ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು.

1804ರ ಆ ದಂಗೆಯ ವಿಷಯವೂ ತಮಾಷೆಯಾಗಿದೆ, ತಮಾಷೆ ಅನ್ನುವ ಪದ ಇಲ್ಲಿ ಸಲ್ಲುವುದಾದರೆ. ದಾಹಿಗಳೆಂದರೆ ಸುಲ್ತಾನನ ಮಾತು ಮೀರಿ ಬೆಲ್‌ಗ್ರೇಡ್ ಸೀಮೆಯನ್ನು ಕಬಳಿಸಿಕೊಂಡಿದ್ದ ಪುಂಡ ಸೇನಾ ನಾಯಕರು. ಅವರ ಮೇಲೆ ಎದ್ದ ಸೆರ್ಬರು ಮೊದಮೊದಲು ತಾವು ಸುಲ್ತಾನನಿಗೆ ನಿಷ್ಠರೆಂದೇ ಹೇಳಿಕೊಂಡಿದ್ದರು. ಸುಲ್ತಾನನ ವಿರುದ್ಧದ ಬಂಡಾಯವಾಗಿ ಅದು ತಿರುಗಿದ್ದು ಆಮೇಲೆ. ಇಷ್ಟು ಗೋಜಲನ್ನು ಯಾವ ಪೋಸ್ಟರೂ ಹೊರಲಾರದು.

ಕೊಸೊವೊ ಕಾಳಗದ ಕಥೆಯಲ್ಲಿ ಕತ್ತರಿ ಬಿದ್ದ ಭಾಗ ಇನ್ನೂ ಸ್ವಾರಸ್ಯವಾಗಿದೆ. ಆ ದಿನ ಲಾಜರನೂ ಸತ್ತ, ಸುಲ್ತಾನ ಮುರಾದನೂ ಸತ್ತ. ಗೆದ್ದವರು ಯಾರೆಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮುಂದೇನಾಯಿತು? ಲಾಜರನ ಮಗಳು ಒಲಿವೆರಾಳನ್ನು ಮುರಾದನ ಮಗ ಬಾಯಜಿದನಿಗೆ ಮದುವೆ ಮಾಡಿಕೊಟ್ಟರು. ಲಾಜರನ ಮಗ ಸ್ಟೆಫಾನ್ ಸುಲ್ತಾನನ ಸಾಮಂತನಾದ. 1396ರಲ್ಲಿ ನಿಕೊಪೊಲಿಸ್‌ನಲ್ಲಿ ಯುರೋಪಿನ ಕ್ರೈಸ್ತ ಸೇನೆ ಒಟ್ಟೊಮನ್ನರ ಮೇಲೆ ಬಿದ್ದಾಗ ಸ್ಟೆಫಾನ್ ಕಾದಿದ್ದು ಭಾವನ ಪರವಾಗಿ. 1402ರಲ್ಲಿ ಅಂಕಾರದ ಬಳಿ ತೈಮೂರನ ಎದುರೂ ಅಷ್ಟೇ. ಅಪ್ಪ ಸತ್ತ ಏಳನೇ ವರ್ಷಕ್ಕೆ ಮಗ ಅದೇ 'ಶತ್ರು'ವಿನ ಬದಿಗಿದ್ದ. ಇದು ಸೆರ್ಬಿಯಾದ ಇತಿಹಾಸಕಾರರು ಬಚ್ಚಿಟ್ಟ ಗುಟ್ಟೇನೂ ಅಲ್ಲ, ಪುಸ್ತಕಗಳಲ್ಲಿ ಇದೆ. ಆದರೆ ಅಸ್ಥಿಪೆಟ್ಟಿಗೆಯ ಜೊತೆ ಮೆರವಣಿಗೆ ಹೊರಡುವ ಸಂಗತಿಯಲ್ಲ ಇದು. ಅಪ್ಪನ ಮೂಳೆ ಹೊರಟಿತು, ಮಗನ ರಾಜಕಾರಣ ಮನೆಯಲ್ಲೇ ಉಳಿಯಿತು.

ಸೈಪ್ರಸ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನೋವೈದ್ಯ ವಾಮಿಕ್ ವೋಲ್ಕನ್ ಇಂಥದ್ದಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ 'ಆಯ್ದುಕೊಂಡ ಗಾಯ' ಎನ್ನಬಹುದು. ಒಂದು ಸಮುದಾಯದ ಹಿಂದೆ ನೂರು ಸೋಲುಗಳಿರುತ್ತವೆ. ಅವುಗಳಲ್ಲಿ ಒಂದನ್ನು ಅದು ತನ್ನ ಗುರುತಿನ ಭಾಗವಾಗಿ ಹೊತ್ತುಕೊಳ್ಳುತ್ತದೆ, ಮಕ್ಕಳಿಗೆ ದಾಟಿಸುತ್ತದೆ. ನಾಯಕ ಬಂದು ಅದನ್ನು ಕೆದಕಿದಾಗ ಕಾಲದ ಲೆಕ್ಕ ಕುಸಿದು, ಆಗಿನ ಭಯ ಈಗಿನ ಭಯವಾಗುತ್ತದೆ. ಅವರು ಕೊಟ್ಟ ಮುಖ್ಯ ಉದಾಹರಣೆಗಳಲ್ಲಿ ಕೊಸೊವೊ ಒಂದು. 'ಆಯ್ದುಕೊಂಡ' ಎಂಬ ಪದಕ್ಕೆ ಕೆಲವರು ಆಕ್ಷೇಪಿಸುತ್ತಾರೆ, ಗಾಯವನ್ನು ಯಾರು ತಾನೇ ಬೇಕೆಂದು ಆರಿಸಿಕೊಳ್ಳುತ್ತಾರೆ ಎಂದು. ನನಗಂತೂ ಆ ಪದ ಸರಿಯೆನಿಸುತ್ತದೆ. ಗಾಯವನ್ನು ಆರಿಸಿಕೊಳ್ಳುವುದಿಲ್ಲ ನಿಜ, ಯಾವ ಗಾಯದ ಪಟ್ಟಿ ಬಿಚ್ಚಬೇಕೆಂಬುದನ್ನು ಮಾತ್ರ ಯಾರೋ ಒಬ್ಬರು ಆರಿಸುತ್ತಾರೆ.

ಇಲ್ಲಿ ಒಂದು ಮಾತನ್ನು ಬಿಟ್ಟರೆ ಸೆರ್ಬರಿಗೆ ಅನ್ಯಾಯವಾದೀತು. ಎರಡನೇ ಮಹಾಯುದ್ಧದಲ್ಲಿ ಕ್ರೊವೇಷಿಯಾದ ಉಸ್ತಾಶ ಆಡಳಿತ ಯಾಸೆನೊವಾಟ್ಸ್ ಶಿಬಿರದಲ್ಲಿ ಸೆರ್ಬರನ್ನು, ಯಹೂದಿಯರನ್ನು, ರೊಮಾ ಜನರನ್ನು ಕೊಂದದ್ದು ಕಟ್ಟುಕಥೆಯಲ್ಲ. 1990ರ ಸುಮಾರಿಗೆ ಆ ಕಾಲದ ಗುಂಡಿಗಳಿಂದ ಮೂಳೆ ತೆಗೆಯುವುದನ್ನು ಸೆರ್ಬಿಯಾದ ಟಿವಿಯಲ್ಲಿ ನೋಡಿದ ಮುದುಕಿಗೆ ಅದು ಇತಿಹಾಸವಲ್ಲ, ಅವಳ ಅಣ್ಣ. ಪ್ರಚಾರದ ಬಲ ಇರುವುದು ಅಲ್ಲೇ. ಪೂರ್ತಿ ಸುಳ್ಳಿನ ಮೇಲೆ ಕಟ್ಟಿದ್ದನ್ನು ಕೆಡವುವುದು ಸುಲಭ. ಅಣ್ಣನ ಮೂಳೆಯ ಮೇಲೆ ಕಟ್ಟಿದ್ದನ್ನು ಅಲುಗಿಸಲು ಹೋದವನು ಅಣ್ಣನಿಗೇ ಅವಮಾನ ಮಾಡಿದಂತೆ ಕಾಣುತ್ತಾನೆ.

ಮಚ್ಚಿನ ಪಕ್ಕದ ಫೋಟೊ

ರುವಾಂಡಾದಲ್ಲಿ ಬಹುಸಂಖ್ಯಾತ ಹುಟುಗಳು, ಅಲ್ಪಸಂಖ್ಯಾತ ಟುಟ್ಸಿಗಳು ಎಂಬ ಎರಡು ಮುಖ್ಯ ಸಮುದಾಯಗಳಿವೆ. ಅಲ್ಲಿ ಹುಟು ಉಗ್ರವಾದಿಗಳ 'ಕಾಂಗುರಾ' ಎಂಬ ಪತ್ರಿಕೆಯಿತ್ತು. ಅದರ 26ನೇ ಸಂಚಿಕೆ 1993ರ ನವೆಂಬರ್‌ನದು. ಮುಖಪುಟದಲ್ಲಿ ಒಂದು ಮಚ್ಚಿನ ಚಿತ್ರ, ಪಕ್ಕದಲ್ಲಿ ಒಂದು ಪ್ರಶ್ನೆ: ಇನ್ಯೆಂಜಿಗಳನ್ನು ಒಂದೇ ಸಲಕ್ಕೆ ಮುಗಿಸಲು ಯಾವ ಆಯುಧ ಬಳಸೋಣ? ಜೊತೆಗೆ ಗ್ರೆಗ್ವಾರ್ ಕಾಯಿಬಾಂಡಾ ಅವರ ಫೋಟೊ, 1959ರ ಹುಟು ಕ್ರಾಂತಿಯನ್ನು ಮತ್ತೆ ಶುರು ಮಾಡಿದರೆ ಹೇಗೆ ಎಂಬ ಸಾಲು. ಇಷ್ಟೇ. ಪ್ರಶ್ನೆಗೆ ಉತ್ತರವನ್ನು ಅಕ್ಷರದಲ್ಲಿ ಬರೆದಿಲ್ಲ, ಚಿತ್ರ ಬರೆದಿದ್ದಾರೆ.

ಕಾಯಿಬಾಂಡಾ ರುವಾಂಡಾದ ಮೊದಲ ಚುನಾಯಿತ ಅಧ್ಯಕ್ಷ. 1959ರ ಕ್ರಾಂತಿ ಟುಟ್ಸಿ ಅರಸೊತ್ತಿಗೆಯನ್ನು ಅಲುಗಿಸಿತು, ಸಾವಿರಾರು ಟುಟ್ಸಿಗಳು ದೇಶ ಬಿಟ್ಟು ಓಡಿದರು. 1960ರ ದಶಕದಲ್ಲಿ ಗಡಿಯಾಚೆಯಿಂದ ನುಗ್ಗಿ ದಾಳಿ ಮಾಡುತ್ತಿದ್ದ ಟುಟ್ಸಿ ಹೋರಾಟಗಾರರಿಗೆ ಇನ್ಯೆಂಜಿ, ಅಂದರೆ ಜಿರಳೆ ಎಂಬ ಹೆಸರು ಅಂಟಿತ್ತು. ಆ ಪದ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಪಾಟಿನಲ್ಲಿತ್ತು. 1990ರಲ್ಲಿ ಟುಟ್ಸಿ ಬಂಡುಕೋರ ಪಡೆ ಉಗಾಂಡಾದಿಂದ ನುಗ್ಗಿದಾಗ ಅದನ್ನು ಮತ್ತೆ ಹೊರಗೆಳೆದರು. ಈ ಸಲ ಬಂದೂಕು ಹಿಡಿದವರಿಗೆ ಮಾತ್ರವಲ್ಲ, ಪಕ್ಕದ ಮನೆಯ ಮೇಷ್ಟರಿಗೂ ಅವರ ಮಗುವಿಗೂ ಅದೇ ಹೆಸರು. 1959ರ ಆಮೇಲೆ ಹುಟ್ಟಿ, ದಂಗೆಯನ್ನೂ ಕಾಣದೆ ಅರಸನನ್ನೂ ಕಾಣದೆ ಬೆಳೆದವರು ಆ ಮುಖಪುಟದ ಪ್ರಕಾರ 1959ರ ಶತ್ರುಗಳಾದರು. ಐದು ತಿಂಗಳ ನಂತರ, 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನ ಸತ್ತರು, ಬಹಳಷ್ಟು ಮಂದಿ ಮಚ್ಚಿನಿಂದಲೇ. ಕಾಂಗುರಾ ಸಂಪಾದಕನನ್ನು ರುವಾಂಡಾ ಕುರಿತ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಅಪರಾಧಿ ಎಂದಿತು. ಆ ಮುಖಪುಟದ ಮೇಲೆ ಏನೇನಿತ್ತು ಎಂಬುದನ್ನು ತೀರ್ಪಿನಲ್ಲಿ ವಿವರವಾಗಿ ಬರೆದಿದ್ದಾರೆ. ಒಂದು ಪತ್ರಿಕೆಯ ಪುಟವಿನ್ಯಾಸವನ್ನು ನ್ಯಾಯಾಧೀಶರು ಹೀಗೆ ಕೂತು ಓದಿದ್ದು ಅಪರೂಪ.

ಐಸಿಸ್ ಸಂಘಟನೆಯದು ಇದಕ್ಕಿಂತ ದೊಡ್ಡ ಬಂಡವಾಳದ ಕೆಲಸ. 2014ರ ಜೂನ್‌ನಲ್ಲಿ ಅವರು ಬಿಟ್ಟ ವಿಡಿಯೊ ನೆನಪಿರಬಹುದು: ಸಿರಿಯಾ-ಇರಾಕ್ ಗಡಿಯ ಮಣ್ಣಿನ ದಿಬ್ಬವನ್ನು ಬುಲ್ಡೋಜರ್ ಒಡೆಯುತ್ತದೆ. 'ಸೈಕ್ಸ್-ಪೀಕೊ ಮುಗಿಯಿತು' ಎಂಬುದು ಘೋಷಣೆ. 1916ರಲ್ಲಿ ಬ್ರಿಟನ್ನಿನ ಮಾರ್ಕ್ ಸೈಕ್ಸ್, ಫ್ರಾನ್ಸಿನ ಫ್ರಾಂಸ್ವಾ ಜಾರ್ಜ್-ಪೀಕೊ ಗುಟ್ಟಾಗಿ ಕೂತು ಒಟ್ಟೊಮನ್ ನಾಡುಗಳನ್ನು ಹಂಚಿಕೊಳ್ಳಲು ಗೆರೆ ಎಳೆದದ್ದು ನಿಜ. ಅರಬರಿಗೆ ಒಂದು ಮಾತು ಕೊಟ್ಟು ಬೆನ್ನ ಹಿಂದೆ ಇನ್ನೊಂದು ಮಾಡಿದ್ದೂ ನಿಜ. ಆ ಸಿಟ್ಟು ಐಸಿಸ್ ಹುಟ್ಟುವ ಎಷ್ಟೋ ಮೊದಲಿನಿಂದ ಅರಬ್ ಜಗತ್ತಿನ ಎಡಪಂಥೀಯರಲ್ಲೂ ರಾಷ್ಟ್ರೀಯವಾದಿಗಳಲ್ಲೂ ಇತ್ತು. ಆದರೆ ಬುಲ್ಡೋಜರ್ ಒಡೆದ ಆ ಗೆರೆ ಸೈಕ್ಸ್-ಪೀಕೊ ನಕ್ಷೆಯಲ್ಲಿ ಇರಲೇ ಇಲ್ಲ! ಆ ನಕ್ಷೆಯ ಪ್ರಕಾರ ಇರಾಕಿನ ಮೋಸುಲ್ ಕೂಡ ಸಿರಿಯಾದ ಜೊತೆಗೇ ಫ್ರೆಂಚರ ಪಾಲಿಗೆ ಬಂದಿತ್ತು. ಮೋಸುಲ್ ಬ್ರಿಟಿಷರ ಕೈಗೆ ಹೋದದ್ದು 1918ರ ಕೊನೆಯಲ್ಲಿ ಎರಡೂ ದೇಶದ ಪ್ರಧಾನಿಗಳು ನಡೆಸಿದ ಮಾತುಕತೆಯಿಂದ, ಗಡಿ ಗಟ್ಟಿಯಾದದ್ದು ಆಮೇಲಿನ ವರ್ಷಗಳ ಒಪ್ಪಂದಗಳಿಂದ. ಇಷ್ಟು ಹೇಳಲು ನನಗೇ ಎರಡು ವಾಕ್ಯ ಬೇಕಾಯಿತು. ಬುಲ್ಡೋಜರಿಗೆ ಮೂರು ಸೆಕೆಂಡು ಸಾಕು.

ಅವರ ಇಂಗ್ಲಿಷ್ ಪತ್ರಿಕೆಯ ಹೆಸರು 'ದಾಬಿಕ್'. ಉತ್ತರ ಸಿರಿಯಾದ ಒಂದು ಸಣ್ಣ ಊರು ಅದು. ಕಾಲದ ಕೊನೆಯಲ್ಲಿ ರೋಮನ್ನರ ಸೇನೆ ಅಲ್ಲಿಗೋ ಹತ್ತಿರದ ಅಮಾಕ್‌ಗೋ ಬಂದಿಳಿಯುತ್ತದೆಂದು ಒಂದು ಹದೀಸ್, ಅಂದರೆ ಪ್ರವಾದಿಯದೆಂದು ಹೇಳುವ ಮಾತು, ಇದೆ. ಅದೇ ಬಯಲಿನಲ್ಲಿ ನಿಜವಾಗಿ ನಡೆದ ದೊಡ್ಡ ಯುದ್ಧ 1516ರ ಆಗಸ್ಟ್‌ನದು. ಒಟ್ಟೊಮನ್ ಸುಲ್ತಾನ ಸಲೀಮ್ ಅಲ್ಲಿ ಈಜಿಪ್ಟಿನ ಮಾಮ್ಲೂಕ್ ಸುಲ್ತಾನನನ್ನು ಸೋಲಿಸಿದ. ಎರಡೂ ಕಡೆ ಸುನ್ನಿ ಮುಸ್ಲಿಂ ಅರಸರು. ಆ ಯುದ್ಧಕ್ಕೆ ಪೋಸ್ಟರಿನಲ್ಲಿ ಜಾಗವಿಲ್ಲ ಎಂದು ಬೇರೆ ಹೇಳಬೇಕಿಲ್ಲ. 2016ರ ಅಕ್ಟೋಬರ್‌ನಲ್ಲಿ ತುರ್ಕಿ ಬೆಂಬಲದ ಸಿರಿಯಾದ ಬಂಡುಕೋರರು ದಾಬಿಕ್ ಊರನ್ನು ಹೆಚ್ಚು ಗದ್ದಲವಿಲ್ಲದೆ ಹಿಡಿದರು, ರೋಮನ್ನರ ಸುಳಿವಿರಲಿಲ್ಲ. ಊರು ಕೈತಪ್ಪುವ ಮೊದಲೇ ಐಸಿಸ್ ಪತ್ರಿಕೆ ಬದಲಿಸಿಬಿಟ್ಟಿತ್ತು. ಹೊಸದರ ಹೆಸರು 'ರುಮಿಯಾ', ಅಂದರೆ ರೋಮ್. ಕೈಯಲ್ಲಿದ್ದ ಊರು ಹೋಗುತ್ತದೆಂದು ಕಂಡಾಗ ಎಂದೂ ಕೈಗೆ ಬರದ ಊರಿನ ಹೆಸರಿಟ್ಟುಕೊಂಡರೆ ಕಳೆದುಕೊಳ್ಳುವ ಚಿಂತೆಯಿಲ್ಲ.

ಈ ಕಥೆಯಲ್ಲಿ ಬೆಂಗಳೂರೂ ಬರುತ್ತದೆ. 2014ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಚಾನೆಲ್ 4 ನ್ಯೂಸ್, ಐಸಿಸ್ ಪರ ಟ್ವಿಟರ್ ಖಾತೆಗಳಲ್ಲಿ ಬಹಳ ಪ್ರಭಾವಿಯಾಗಿದ್ದ 'ಶಾಮಿ ವಿಟ್ನೆಸ್' ಖಾತೆಯನ್ನು ನಡೆಸುತ್ತಿದ್ದವನು ಬೆಂಗಳೂರಿನ ಒಬ್ಬ ಕಂಪನಿ ನೌಕರ ಎಂದು ಬಯಲು ಮಾಡಿತು. 17,000ಕ್ಕೂ ಹೆಚ್ಚು ಮಂದಿ ಹಿಂಬಾಲಿಸುತ್ತಿದ್ದ ಖಾತೆ. ಎರಡು ದಿನದಲ್ಲಿ ಪೊಲೀಸರು ಅವನನ್ನು ಬಂಧಿಸಿದರು. ಆಗ ಪತ್ರಿಕೆಗಳೆಲ್ಲ ಕೇಳಿದ್ದು, ಬಾಡಿಗೆ ಮನೆಯ ಕೋಣೆಯಲ್ಲಿ ಕೂತ ಯುವಕನಿಗೂ ಸಿರಿಯಾಕ್ಕೂ ಏನು ಸಂಬಂಧ ಎಂದು. ಸುಳಿವು ಖಾತೆಯ ಹೆಸರಿನಲ್ಲೇ ಇತ್ತೇನೋ. ಶಾಮ್ ಎಂಬುದು ಈಗಿನ ಸಿರಿಯಾ, ಲೆಬನಾನ್, ಜೋರ್ಡಾನ್, ಪ್ಯಾಲೆಸ್ತೀನ್‌ಗಳನ್ನೆಲ್ಲ ಒಳಗೊಂಡ ಹಳೆಯ ನಾಡಿನ ಹೆಸರು. 'ವಿಟ್ನೆಸ್' ಅಂದರೆ ಸಾಕ್ಷಿ. ಎಂದೂ ಕಾಲಿಡದ, ಈಗಿನ ನಕ್ಷೆಯಲ್ಲೇ ಇಲ್ಲದ ನಾಡಿಗೆ ಅವನು ಸಾಕ್ಷಿ! ಆಯ್ದುಕೊಂಡ ಗಾಯಕ್ಕೆ ಪಾಸ್‌ಪೋರ್ಟ್ ಬೇಡ, ಹುಟ್ಟಿದೂರಿನ ದಾಖಲೆಯೂ ಬೇಡ, ಇಂಟರ್ನೆಟ್ ಇದ್ದರಾಯಿತು.

ನಗುವಿನ ದಾರಿ

ಮತ್ತೆ ಬಾಲ್ಕನ್ನಿಗೆ ಬರೋಣ, ಏಕೆಂದರೆ ಲಾಜರನ ಕಾಲದ ಆ ಚಿತ್ರ ಅಲ್ಲಿಗೇ ನಿಲ್ಲಲಿಲ್ಲ.

1990ರ ದಶಕದ ಯುದ್ಧದಲ್ಲಿ ಬೋಸ್ನಿಯಾದ ಸೆರ್ಬ್ ಸೈನಿಕರು ತಮ್ಮ ನಾಯಕನನ್ನು ಹೊಗಳಿ ಹಾಡಿದ ಒಂದು ಹಾಡಿನ ವಿಡಿಯೊ ಇದೆ. ಬಯಲಲ್ಲಿ ಸಮವಸ್ತ್ರದವರು ನಿಂತಿದ್ದಾರೆ, ಒಬ್ಬ ಬಿಗಿ ಮುಖ ಮಾಡಿಕೊಂಡು ಅಕಾರ್ಡಿಯನ್ ನುಡಿಸುತ್ತಾನೆ. 2000ದ ದಶಕದ ಕೊನೆಗೆ ಅದು ಮೀಮ್ ಆಯಿತು. ಅಕಾರ್ಡಿಯನ್‌ನವನ ಮುಖ, ಓಲಾಡುವ ರಾಗ, ಒರಟು ವಿಡಿಯೊ, ಗೇಮ್ ಆಡುವ ಹುಡುಗರಿಗೆ ನಗಲು ಇಷ್ಟು ಸಾಕಾಗಿತ್ತು. ಆ ಅಕಾರ್ಡಿಯನ್‌ನವನಿಗೆ 1997ರಲ್ಲಿ ಜರ್ಮನಿಯ ನ್ಯಾಯಾಲಯ ಬೋಸ್ನಿಯಾದ ಮುಸ್ಲಿಮರ ಕೊಲೆಗೆ ನೆರವಾದ ಅಪರಾಧಕ್ಕೆ ಶಿಕ್ಷೆ ಕೊಟ್ಟಿತ್ತು ಎಂಬುದು ಮೀಮ್ ಹಂಚುವವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. ನಗು ಬಹಳ ಅನುಕೂಲದ ಬಾಗಿಲು. ಆಕ್ಷೇಪಿಸಿದರೆ 'ಜೋಕು ಕಣ್ರೀ' ಎನ್ನಬಹುದು. ಆಕ್ಷೇಪಿಸದಿದ್ದರೆ ಒಳಗೆ ಒಂದು ಹೆಜ್ಜೆ.

2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಿಗೆ ನುಗ್ಗಿ 51 ಜನರನ್ನು ಕೊಂದವನು, ಕಾರು ಓಡಿಸಿಕೊಂಡು ಹೋಗುವಾಗ ಹಾಕಿಕೊಂಡಿದ್ದದ್ದು ಇದೇ ಹಾಡು. ಸತ್ತವರಲ್ಲಿ ಐವರು ಭಾರತೀಯರು. ಅವನ ಬಂದೂಕುಗಳ ಮೇಲೆ ಬಿಳಿ ಬಣ್ಣದಲ್ಲಿ ಹೆಸರುಗಳೂ ಇಸವಿಗಳೂ ಇದ್ದವು: ಯುರೋಪಿನಲ್ಲಿ ಮುಸ್ಲಿಂ ಸೇನೆಗಳು ಸೋತ 732ರ ಟೂರ್ಸ್, 1683ರ ವಿಯೆನ್ನಾ ಕಾಳಗಗಳು, ಮಿಲೊಶ್ ಒಬಿಲಿಚ್. ಕೊಸೊವೊ ಬಯಲಿನಲ್ಲಿ ಸುಲ್ತಾನ ಮುರಾದನನ್ನು ಕೊಂದನೆಂದು ಸೆರ್ಬ್ ಲಾವಣಿಗಳು ಹಾಡುವ ವೀರನೇ ಈ ಒಬಿಲಿಚ್. ಕೊಂದವನು ಆಸ್ಟ್ರೇಲಿಯಾದವನು. ಅವನ ಹೆಸರನ್ನು ಆಗಿನ ಪ್ರಧಾನಿ ಜೆಸಿಂಡಾ ಆರ್ಡರ್ನ್ ಉಚ್ಚರಿಸಲು ಒಪ್ಪಲಿಲ್ಲ, ನಾನೂ ಬರೆಯುವುದಿಲ್ಲ. 1389, 1989, 1995, 2019. ಸೆರ್ಬಿಯಾದ ಹಳ್ಳಿಯ ಅಜ್ಜಿ ಕಣ್ಣೀರಿಟ್ಟ ಕಥೆ, ಅಲ್ಲಿಯ ಭಾಷೆಯೂ ಬಾರದವನ ಬಂದೂಕಿಗೆ ಅಲಂಕಾರವಾಯಿತು.

1683ರ ವಿಯೆನ್ನಾ ಬಗ್ಗೆಯೂ ಒಂದು ಮಾತು. ಒಟ್ಟೊಮನ್ನರು ನಗರಕ್ಕೆ ಮುತ್ತಿಗೆ ಹಾಕಿದಾಗ ಹಂಗೆರಿಯ ಕ್ರೈಸ್ತ ದೊರೆ ತೊಕೊಲಿ ಅವರ ಪರವಾಗಿದ್ದ. ನಗರವನ್ನು ಬಿಡಿಸಲು ಬಂದ ಪೋಲೆಂಡಿನ ರಾಜ ಸೊಬಿಯೆಸ್ಕಿಯ ಸೇನೆಯಲ್ಲಿ ಮುಸ್ಲಿಂ ತಾತಾರ್ ಸವಾರರಿದ್ದರು. ಬಂದೂಕಿನ ಮೇಲೆ ಬರೆಯಲು ಇಸವಿಗೆ ಮಾತ್ರ ಜಾಗವಿತ್ತು.

ಕ್ರೈಸ್ಟ್‌ಚರ್ಚ್ ದಾಳಿಯನ್ನು ಅವನು ಹೆಲ್ಮೆಟ್ಟಿಗೆ ಕಟ್ಟಿಕೊಂಡ ಕ್ಯಾಮೆರಾದಿಂದ ಫೇಸ್‌ಬುಕ್ಕಿನಲ್ಲಿ 17 ನಿಮಿಷ ನೇರ ಪ್ರಸಾರ ಮಾಡಿದ. ನೇರವಾಗಿ ನೋಡಿದವರು 200ಕ್ಕಿಂತ ಕಡಿಮೆ. ಮೊದಲ 24 ಗಂಟೆಯಲ್ಲಿ ಫೇಸ್‌ಬುಕ್ ತೆಗೆದುಹಾಕಿದ ಪ್ರತಿಗಳು 15 ಲಕ್ಷ. ಆ ವಾರ ತುಣುಕೊಂದು ನಮ್ಮ ಮನೆಯವರ ವಾಟ್ಸ್ಆ್ಯಪ್ ಗುಂಪಿಗೂ ಬಂದು ಬಿತ್ತು, ಯಾರಿಂದ ಯಾರಿಗೆ ದಾಟಿ ಬಂತೋ. ಒಂಬತ್ತನೇ ಕ್ಲಾಸಿನಲ್ಲಿದ್ದ ಚಿಕ್ಕಪ್ಪನ ಮಗ ಫೋನ್ ಮಾಡಿ ಕೇಳಿದ, "ಅಣ್ಣಾ, ಇದು ಗೇಮಾ, ನಿಜವಾ?" ನಾನು ತಡವರಿಸಿದೆ. ಗೇಮಿನಂತೆ ಕಾಣಲಿ ಎಂದೇ ತೆಗೆದ ವಿಡಿಯೊ ಅದು. ಹುಡುಗನ ಪ್ರಶ್ನೆ ದಡ್ಡತನದ್ದಾಗಿರಲಿಲ್ಲ.

ಎರಡು ತಿಂಗಳ ಬಳಿಕ ನ್ಯೂಜಿಲೆಂಡ್ ಮತ್ತು ಫ್ರಾನ್ಸ್ ಸೇರಿ ಪ್ಯಾರಿಸ್‌ನಲ್ಲಿ, ಇಂಟರ್ನೆಟ್ಟಿನಲ್ಲಿ ಉಗ್ರವಾದಿ ಸಾಮಗ್ರಿ ತಡೆಯಲು 'ಕ್ರೈಸ್ಟ್‌ಚರ್ಚ್ ಕರೆ' ಹೊರಡಿಸಿದವು, ಭಾರತವೂ ಬೆಂಬಲಿಸಿತು. ದೊಡ್ಡ ಟೆಕ್ ಕಂಪನಿಗಳು 2017ರಿಂದಲೇ ಒಂದು ವೇದಿಕೆ ಕಟ್ಟಿಕೊಂಡಿವೆ. ಒಂದು ಕಡೆ ಗುರುತಿಸಿದ ಉಗ್ರವಾದಿ ವಿಡಿಯೊಗೆ ಡಿಜಿಟಲ್ ಬೆರಳಚ್ಚು ತೆಗೆದು, ಬೇರೆ ಕಡೆ ಅದೇ ಬಂದಾಗ ತಡೆಯುವ ವ್ಯವಸ್ಥೆ ಅದು. ಸಿದ್ಧ ವಿಡಿಯೊ ಮಟ್ಟಿಗೆ ಇದು ಕೆಲಸ ಮಾಡುತ್ತದೆ. ಆದರೆ 1683 ಎಂಬ ಸಂಖ್ಯೆಗೆ ಯಾರು ಬೆರಳಚ್ಚು ತೆಗೆಯುತ್ತಾರೆ? ಅದು ಪಠ್ಯಪುಸ್ತಕದಲ್ಲೂ ಇದೆ, ವಿಯೆನ್ನಾದ ಪ್ರವಾಸಿ ಕೈಪಿಡಿಯಲ್ಲೂ ಇದೆ. ಕ್ರುಸೇಡ್ ಕಾಲದ ಟೆಂಪ್ಲರ್ ಯೋಧರ ಕೆಂಪು ಶಿಲುಬೆ ಆಟಿಕೆ ಅಂಗಡಿಯಲ್ಲೂ ಸಿಗುತ್ತದೆ. 2011ರಲ್ಲಿ ನಾರ್ವೆಯಲ್ಲಿ 77 ಜನರನ್ನು ಕೊಂದವನು ತನ್ನನ್ನು ಟೆಂಪ್ಲರ್ ಎಂದೇ ಕರೆದುಕೊಂಡಿದ್ದ. ಆ ಪಂಥವನ್ನು ಪೋಪ್ ವಿಸರ್ಜಿಸಿದ್ದು 1312ರಲ್ಲಿ. ತಾವೇ ಮಾಡಿದ ಚಿತ್ರವನ್ನು ಬಳಸುವವರನ್ನು ತಡೆಯಬಹುದು. ಎಲ್ಲರ ಸ್ವತ್ತಾದ ಇತಿಹಾಸದಿಂದ ಸಾಲ ತಂದ ಚಿತ್ರವನ್ನು ತಡೆಯಲು ಹೊರಟರೆ ಮೇಷ್ಟರ ಪಾಠವೂ ಬಲೆಗೆ ಬೀಳುತ್ತದೆ. ಇದು ಯಂತ್ರದ ಕೈಲಾಗದ ಭಾಗ, ಕಂಪನಿಗಳು ಏನೇ ಹೇಳಲಿ.

ನಮ್ಮ ಟಿವಿಗಳ ಪಾಲೂ ಇದರಲ್ಲಿ ಸಣ್ಣದಲ್ಲ. ಐಸಿಸ್ ಕಾಲದಲ್ಲಿ ಅವರೇ ತೆಗೆದ ದೃಶ್ಯಗಳು, ಕಪ್ಪು ಬಾವುಟದ ಜೀಪುಗಳ ಸಾಲು, ಕಿತ್ತಳೆ ಅಂಗಿ ತೊಡಿಸಿ ಮಂಡಿಯೂರಿಸಿದ ಬಂದಿಗಳು, ದಿನಕ್ಕೆ ಹತ್ತು ಸಲ ಹಿನ್ನೆಲೆ ಸಂಗೀತದೊಂದಿಗೆ ಓಡುತ್ತಿದ್ದವು. ಆ ಕಿತ್ತಳೆ ಅಂಗಿ ಗ್ವಾಂಟಾನಮೊ ಸೆರೆಮನೆಯ ಅಂಗಿ. 2002ರಲ್ಲಿ ಅಮೆರಿಕ ಅಲ್ಲಿಗೆ ಬಂದಿಗಳನ್ನು ತಂದಾಗ ತೊಡಿಸಿದ್ದ ಬಣ್ಣವದು. ಮಂಡಿಯೂರಿದವರಲ್ಲಿ ಪತ್ರಕರ್ತರಿದ್ದರು, ಪರಿಹಾರ ಕೆಲಸಕ್ಕೆ ಬಂದವರಿದ್ದರು. ಗ್ವಾಂಟಾನಮೊ ಕಟ್ಟಿದವರು ಅವರಾಗಿರಲಿಲ್ಲ. ಆ ಅಂಗಿ ಯಾಕೆ, ಬಣ್ಣ ಯಾಕೆ ಎಂದು ಒಂದು ನಿಮಿಷ ವಿವರಿಸಿದ ಆಂಕರ್‌ನನ್ನು ನಾನಂತೂ ನೋಡಿದ ನೆನಪಿಲ್ಲ.

ಗಾಜಿಮೆಸ್ತಾನ್ ಸ್ಮಾರಕ ಇರುವುದು ಕೊಸೊವೊ ರಾಜಧಾನಿ ಪ್ರಿಸ್ಟಿನಾದ ಹೊರವಲಯದಲ್ಲಿ. ಅದೇ ಬಯಲಿನಲ್ಲಿ ಸ್ವಲ್ಪ ದೂರಕ್ಕೆ ಸುಲ್ತಾನ ಮುರಾದನ ಗೋರಿ ಇದೆ. ಅವನ ದೇಹವನ್ನು ಬುರ್ಸಾ ನಗರಕ್ಕೆ ಒಯ್ದರು, ಇಲ್ಲಿ ಹೂತಿರುವುದು ಒಳಗಿನ ಅಂಗಾಂಗಗಳನ್ನು. ಬುಖಾರಾ ಕಡೆಯಿಂದ ಬಂದ ಒಂದು ಮನೆತನದವರು ತಲೆಮಾರುಗಳಿಂದ ಅದನ್ನು ನೋಡಿಕೊಳ್ಳುತ್ತಿದ್ದಾರೆ. 1989ರ ಜೂನ್ 28ರಂದು ಹೆಲಿಕಾಪ್ಟರಿನ ಸದ್ದು ಅಲ್ಲಿಗೂ ಕೇಳಿಸಿರಬೇಕು.